ಯಾರ ಗೋರಿಗೆ ಹೂವು?

1865ರ ಮೇ 1, ಸೋಮವಾರ. ಅಮೆರಿಕದ ದಕ್ಷಿಣ ಭಾಗದಲ್ಲಿ, ಕಡಲ ದಂಡೆಯ ಮೇಲೆ ಚಾರ್ಲ್‌ಸ್ಟನ್ ಎಂಬ ಪಟ್ಟಣ. ಬೆಳಗ್ಗೆ ಒಂಬತ್ತು ಗಂಟೆಗೆ ಅಲ್ಲಿನ ರೇಸ್‌ಕೋರ್ಸ್ ಮೈದಾನಕ್ಕೆ ಒಂದು ಮೆರವಣಿಗೆ ಬಂತು. ಎಲ್ಲರಿಗಿಂತ ಮುಂದೆ ಇದ್ದವರು ಶಾಲೆಯ ಮಕ್ಕಳು. ಒಬ್ಬರಲ್ಲ ಇಬ್ಬರಲ್ಲ, ಸುಮಾರು 3,000 ಮಕ್ಕಳು! ಎಲ್ಲರ ತೋಳಿನ ತುಂಬ ಗುಲಾಬಿ. ಬಾಯಲ್ಲಿ ಹಾಡು. ಅವರ ಹಿಂದೆ ನೂರಾರು ಹೆಂಗಸರು ಬುಟ್ಟಿಗಳಲ್ಲಿ ಹೂವು, ಹೂಮಾಲೆ, ಹೂವಿನಿಂದ ಕಟ್ಟಿದ ಶಿಲುಬೆ ಹಿಡಿದು ನಡೆದರು. ಅವರ ಹಿಂದೆ ಗಂಡಸರು. ಎಲ್ಲ ಸೇರಿ ಹತ್ತು ಸಾವಿರ ಜನ ಇದ್ದಿರಬಹುದು ಎಂದು ಆಗಿನ ಪತ್ರಿಕೆಯವರು ಬರೆದರು.

ಮೈದಾನದ ಒಂದು ಕಡೆ ಹೊಸದಾಗಿ ಸುಣ್ಣ ಬಳಿದ ಬೇಲಿ. ಅದರೊಳಗೆ 257 ಗೋರಿಗಳು. ಜನ ಮೈದಾನದಿಂದ ಹೊರಡುವ ಹೊತ್ತಿಗೆ ಮಣ್ಣು ಕಾಣದಷ್ಟು ಹೂವು ಆ ಗೋರಿಗಳ ಮೇಲಿತ್ತು.

ಮಕ್ಕಳೇ, ಆ ಮೆರವಣಿಗೆಯಲ್ಲಿ ನಡೆದ ಮಕ್ಕಳೆಲ್ಲ ಕಪ್ಪು ಜನರ ಮಕ್ಕಳು. ಅವರಲ್ಲಿ ಹೆಚ್ಚಿನವರು ಶಾಲೆಯ ಮುಖ ಕಂಡದ್ದೇ ಆ ವರ್ಷ. ಅದಕ್ಕೆ ಮುಂಚೆ ಅವರು ಗುಲಾಮರು. ಗುಲಾಮರಿಗೆ ಓದು ಬರಹ ಕಲಿಸುವುದು ಆ ರಾಜ್ಯದಲ್ಲಿ ಅಪರಾಧವಾಗಿತ್ತು. ದನಕರುಗಳನ್ನು ಸಂತೆಯಲ್ಲಿ ಮಾರುವ ಹಾಗೆ ಮನುಷ್ಯರನ್ನು ಮಾರುತ್ತಿದ್ದರು. ತಾಯಿಯನ್ನು ಒಬ್ಬ ಕೊಂಡರೆ ಮಗುವನ್ನು ಇನ್ನೊಬ್ಬ ಕೊಳ್ಳುವುದೂ ಇತ್ತು. ಇಡೀ ದೇಶದಲ್ಲಿ ಹೀಗೆ ಬದುಕುತ್ತಿದ್ದವರು ಸುಮಾರು 40 ಲಕ್ಷ ಜನ.

ಈ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಜಗಳವೇ ಬೆಳೆದು ಅಮೆರಿಕ ಎರಡಾಯಿತು. ದಕ್ಷಿಣದ 11 ರಾಜ್ಯಗಳು ನಾವು ಬೇರೆ ದೇಶ ಎಂದು ಹೊರಟವು. ಬೇರೆಯಾಗಲು ಬಿಡೆವು ಎಂದು ಉತ್ತರದ ಅಬ್ರಹಾಂ ಲಿಂಕನ್ ಸರ್ಕಾರ ನಿಂತಿತು. 1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. ಎರಡೂ ಕಡೆ ಸೇರಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಅವರಲ್ಲಿ ಗುಂಡೇಟಿಗಿಂತ ಭೇದಿ, ವಿಷಮಜ್ವರಗಳಿಂದ ಸತ್ತವರೇ ಹೆಚ್ಚು. ಕೊನೆಗೆ ಉತ್ತರ ಗೆದ್ದಿತು, ಗುಲಾಮರು ಬಿಡುಗಡೆಯಾದರು.

ಚಾರ್ಲ್‌ಸ್ಟನ್‌ನ ರೇಸ್‌ಕೋರ್ಸನ್ನು ಯುದ್ಧದ ಕೊನೆಯ ದಿನಗಳಲ್ಲಿ ದಕ್ಷಿಣದವರು ಸೆರೆಮನೆ ಮಾಡಿಕೊಂಡಿದ್ದರು. ಸೂರಿಲ್ಲದ ಬಯಲಲ್ಲಿ ಉತ್ತರದ ಸೈನಿಕರನ್ನು ಕೂಡಿ ಹಾಕಿದ್ದರು. ಚಳಿಗೆ, ಕಾಯಿಲೆಗೆ ಸತ್ತ 257 ಜನರನ್ನು ಹಿಂದುಗಡೆ ಒಂದು ಹೊಂಡ ತೋಡಿ ಮುಚ್ಚಿದ್ದರು. ದಕ್ಷಿಣದ ಪಡೆ ಊರು ಬಿಟ್ಟು ಹೋದ ಮೇಲೆ, ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿದ್ದ ಸುಮಾರು 28 ಕೂಲಿಕಾರರು ಆ ದೇಹಗಳನ್ನು ಒಂದೊಂದಾಗಿ ಹೊರತೆಗೆದು, ಒಬ್ಬೊಬ್ಬರಿಗೂ ಬೇರೆ ಬೇರೆ ಗುಂಡಿ ತೋಡಿ ಮತ್ತೆ ಮಣ್ಣು ಮಾಡಿದರು. ಬೇಲಿ ಕಟ್ಟಿ, ಸುಣ್ಣ ಬಳಿದು, ಕಮಾನು ನಿಲ್ಲಿಸಿದರು. ಸತ್ತವರಲ್ಲಿ ಅವರ ನೆಂಟರಿಷ್ಟರು ಯಾರೂ ಇರಲಿಲ್ಲ. ಅವರ ಹೆಸರುಗಳು ಕೂಡ ಇವರಿಗೆ ಗೊತ್ತಿರಲಿಲ್ಲ. ತಮ್ಮ ಬಿಡುಗಡೆಗಾಗಿ ಸತ್ತವರು ಎಂಬುದಷ್ಟೇ ಗೊತ್ತಿತ್ತು.

ಈ ಮೆರವಣಿಗೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ನೇಗಿಲಿಗೆ ಸಿಕ್ಕವರು

ಯುದ್ಧ ಮುಗಿದ ಆ ವರ್ಷವೇ, ವರ್ಜೀನಿಯಾದ ವಿಂಚೆಸ್ಟರ್ ಊರಿನ ಹತ್ತಿರ ಒಬ್ಬ ರೈತ ಜೋಳ ಬಿತ್ತಲು ಹೊಲ ಉಳುತ್ತಿದ್ದ. ನೇಗಿಲಿಗೆ ಏನೋ ಸಿಕ್ಕಿತು. ನೋಡಿದರೆ ದಕ್ಷಿಣದ ಇಬ್ಬರು ಸೈನಿಕರ ದೇಹಗಳು! ಈ ಸುದ್ದಿ ಮೇರಿ ವಿಲಿಯಮ್ಸ್ ಎಂಬ ಹೆಂಗಸಿನ ಕಿವಿಗೆ ಬಿತ್ತು. ಆಕೆ ತನ್ನ ನಾದಿನಿ ಎಲೀನರ್ ಬಾಯ್ಡ್ ಮನೆಗೆ ಹೋಗಿ ಹೇಳಿದಳು. ಹೀಗೆ ಬಿಟ್ಟರೆ ನಮ್ಮ ಹುಡುಗರ ಮೂಳೆಗಳು ಹೊಲಗಳಲ್ಲೇ ಕರಗಿ ಹೋಗುತ್ತವೆ ಎಂದು ಇಬ್ಬರಿಗೂ ಅನ್ನಿಸಿತು. ಊರಿನ ಹೆಂಗಸರನ್ನು ಕರೆದು ಸಂಘ ಕಟ್ಟಿದರು.

ಆ ಕಾಲದ ಸೈನಿಕರ ಕೊರಳಲ್ಲಿ ಹೆಸರಿನ ಬಿಲ್ಲೆ ಇರುತ್ತಿರಲಿಲ್ಲ. ನಾಳೆ ದೊಡ್ಡ ಕಾಳಗ ಇದೆ ಎಂದು ಗೊತ್ತಾದಾಗ ಕೆಲವರು ಚೀಟಿಯ ಮೇಲೆ ಹೆಸರು, ಊರು ಬರೆದು ಕೋಟಿಗೆ ಪಿನ್ನು ಮಾಡಿಕೊಳ್ಳುತ್ತಿದ್ದರು. ಸತ್ತರೆ ಮನೆಯವರಿಗೆ ಸುದ್ದಿಯಾದರೂ ಮುಟ್ಟಲಿ ಎಂದು. ಮಳೆ ಬಂದರೆ ಚೀಟಿ ಎಲ್ಲಿ ಉಳಿಯಬೇಕು? ಗೆಳೆಯರು ಹೂಳುವಾಗ ನೆಟ್ಟ ಮರದ ಹಲಗೆಗಳನ್ನೂ ಗೆದ್ದಲು ತಿಂದವು. ಇನ್ನು ಕೆಲವು ಹಲಗೆಗಳು ಚಳಿಗಾಲದಲ್ಲಿ ಯಾರದೋ ಒಲೆ ಸೇರಿದವು.

ಗೆದ್ದ ಸರ್ಕಾರ ತನ್ನ ಸೈನಿಕರ ದೇಹಗಳನ್ನು ಹುಡುಕಿಸಿತು. ಊರೂರು ತಿರುಗಿ, ಕಾಡುಮೇಡು ಅಲೆದು, 1871ರ ಹೊತ್ತಿಗೆ ಸುಮಾರು ಮೂರು ಲಕ್ಷ ಜನರನ್ನು 74 ರಾಷ್ಟ್ರೀಯ ಸ್ಮಶಾನಗಳಲ್ಲಿ ಮಣ್ಣು ಮಾಡಿಸಿತು. ಅವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರ ಹೆಸರು ಕೊನೆಗೂ ಸಿಗಲಿಲ್ಲ. ಈ ಕೆಲಸದಲ್ಲಿ ಬೆನ್ನು ಬಗ್ಗಿಸಿ ದುಡಿದವರಲ್ಲಿ ಬಹಳ ಮಂದಿ ಕಪ್ಪು ಜನ. ಕಾಳಗದ ಬಯಲೊಂದರಲ್ಲಿ ಅವರು ಮೂಳೆಗಳನ್ನು ಆಯ್ದು ಚಟ್ಟದಂಥ ಹಲಗೆಯ ಮೇಲೆ ಜೋಡಿಸುತ್ತಿರುವ 1865ರ ಛಾಯಾಚಿತ್ರ ಈಗಲೂ ಇದೆ.

ಸೋತವರ ದೇಹಗಳು? ಅವನ್ನು ಸರ್ಕಾರ ಮುಟ್ಟಲಿಲ್ಲ. ದೇಶದ ಮೇಲೆ ಬಂದೂಕು ಎತ್ತಿದವರಿಗೆ ದೇಶದ ಹಣ ಖರ್ಚು ಮಾಡುವುದೇಕೆ ಎಂಬ ಲೆಕ್ಕ. ಸೋತ ದಕ್ಷಿಣದ ಗಂಡಸರು ಗುಂಪು ಕೂಡಿದರೆ ಮತ್ತೆ ದಂಗೆಗೆ ಹೊರಟರು ಎಂಬ ಅನುಮಾನ ಬರುತ್ತಿತ್ತು. ಹೆಂಗಸರು ಅಳುವುದಕ್ಕೆ, ಹೂವಿಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹಾಗಾಗಿ 1866ರಲ್ಲಿ ದಕ್ಷಿಣದ ಊರೂರಲ್ಲೂ 'ಮಹಿಳಾ ಸ್ಮಾರಕ ಸಂಘ'ಗಳು ಹುಟ್ಟಿಕೊಂಡವು.

ಅಲ್ಲಿಯವರೆಗೆ ಸಭೆ, ಚಂದಾ, ಲೆಕ್ಕಪುಸ್ತಕ ಎಂದರೆ ಗಂಡಸರ ಕೆಲಸ ಎಂದುಕೊಂಡಿದ್ದ ಹೆಂಗಸರು ಇವರು. ಈಗ ತಾವೇ ಪತ್ರ ಬರೆದು ದೂರದ ರಾಜ್ಯಗಳಿಂದ ಹಣ ತರಿಸಿದರು, ಸಂತೆ ಮಾಡಿ ಕಸೂತಿ, ತಿಂಡಿ ಮಾರಿದರು, ಜಮೀನು ಕೊಂಡರು, ಗುತ್ತಿಗೆದಾರರ ಜೊತೆ ಚೌಕಾಸಿ ಮಾಡಿದರು. ವಿಂಚೆಸ್ಟರ್‌ನ ನಾದಿನಿ ಅತ್ತಿಗೆಯರ ಸಂಘ 1866ರ ಅಕ್ಟೋಬರ್ ಹೊತ್ತಿಗೆ ಸುಮಾರು 2,500 ಸೈನಿಕರಿಗೆ ಒಂದು ಸ್ಮಶಾನ ಸಿದ್ಧ ಮಾಡಿತ್ತು. ಹೆಸರು ಸಿಗದ 829 ಮಂದಿಗೆ ಒಂದೇ ದೊಡ್ಡ ದಿಬ್ಬ. ಅಲ್ಲಿಂದ ಒಂದು ಓಣಿ ದಾಟಿದರೆ ಉತ್ತರದ ಸೈನಿಕರ ಸ್ಮಶಾನ. ಒಬ್ಬರನ್ನೊಬ್ಬರು ಕೊಂದವರು ಈಗ ಎದುರುಬದುರು ಮನೆಯವರು!

ರಿಚ್‌ಮಂಡ್ ದಕ್ಷಿಣದವರ ರಾಜಧಾನಿಯಾಗಿತ್ತು. ಅಲ್ಲಿನ ಹಾಲಿವುಡ್ ಎಂಬ ಸ್ಮಶಾನದಲ್ಲಿ ಸುಮಾರು 18,000 ಸೈನಿಕರಿದ್ದಾರೆ. (ಸಿನಿಮಾದ ಹಾಲಿವುಡ್ ಬೇರೆ. ಇದು ಆ ಗುಡ್ಡದಲ್ಲಿ ಬೆಳೆಯುತ್ತಿದ್ದ ಒಂದು ಗಿಡದಿಂದ ಬಂದ ಹೆಸರು.) ಅಲ್ಲಿನ ಹೆಂಗಸರ ಸಂಘ ಒರಟು ಗ್ರಾನೈಟ್ ಕಲ್ಲುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ 90 ಅಡಿ ಎತ್ತರದ ಪಿರಮಿಡ್ ಕಟ್ಟಿಸಿತು. 1869ರಲ್ಲಿ ಮುಗಿದ ಆ ಪಿರಮಿಡ್ ಇವತ್ತಿಗೂ ನಿಂತಿದೆ.

ಆಮೇಲೆ ಇದೇ ಸಂಘ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿತು. ಉತ್ತರದ ಗೆಟ್ಟಿಸ್‌ಬರ್ಗ್ ಎಂಬಲ್ಲಿ 1863ರ ಜುಲೈನಲ್ಲಿ ಮೂರು ದಿನ ಘೋರ ಕಾಳಗ ನಡೆದಿತ್ತು. ದಕ್ಷಿಣದ ಸತ್ತ ಸೈನಿಕರು ಅಲ್ಲಿನ ಹೊಲಗಳಲ್ಲೇ ಬಿದ್ದಿದ್ದರು. ಅವರನ್ನು ತವರಿಗೆ ತರಬೇಕು. ಯಾರು ತರಬೇಕು? ಗೆಟ್ಟಿಸ್‌ಬರ್ಗ್‌ನ ಡಾಕ್ಟರ್ ರೂಫಸ್ ವೀವರ್ ಒಪ್ಪಿಕೊಂಡರು. ಅವರು ಉತ್ತರದವರು. ಉತ್ತರದ ಸೈನಿಕರ ದೇಹಗಳನ್ನು ತೆಗೆಸುವ ಉಸ್ತುವಾರಿ ನೋಡಿಕೊಂಡಿದ್ದವರು ಅವರ ತಂದೆ. ಮಗ ಶತ್ರುಪಕ್ಷದವರ ಮೂಳೆಗಳನ್ನು ಅಷ್ಟೇ ಜೋಪಾನವಾಗಿ ತೆಗೆಸಿ, ಪೆಟ್ಟಿಗೆಗಳಲ್ಲಿ ತುಂಬಿ, ಪಟ್ಟಿ ಬರೆದು, 1872 ಮತ್ತು 1873ರಲ್ಲಿ 2,935 ಮಂದಿಯನ್ನು ರಿಚ್‌ಮಂಡ್‌ಗೆ ಕಳುಹಿಸಿದರು. ಹಣ ಪೂರ್ತಿ ಬರುವ ಮೊದಲೇ ಕೆಲಸ ಮುಗಿಸಿಕೊಟ್ಟರು. ಸಂಘದ ಕೈಯಲ್ಲಿ ಹಣ ಸಾಲಲಿಲ್ಲ. ವೀವರ್ ವರ್ಷಗಟ್ಟಲೆ ಪತ್ರ ಬರೆದು ಕೇಳಿದರು. ಬಾಕಿ ಪೂರ್ತಿಯಾಗಿ ಅವರ ಕೈಸೇರಲೇ ಇಲ್ಲ. ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮನುಷ್ಯ ಅವರು.

ಎರಡು ಕೊಲಂಬಸ್

ದಕ್ಷಿಣದಲ್ಲಿ ಕೊಲಂಬಸ್ ಎಂಬ ಹೆಸರಿನ ಊರು ಒಂದಕ್ಕಿಂತ ಹೆಚ್ಚಿವೆ. ಜಾರ್ಜಿಯಾದ ಕೊಲಂಬಸ್‌ನಲ್ಲಿ ಮಹಿಳಾ ಸಂಘದ ಕಾರ್ಯದರ್ಶಿ ಮೇರಿ ಆನ್ ವಿಲಿಯಮ್ಸ್ 1866ರ ಮಾರ್ಚ್‌ನಲ್ಲಿ ಪತ್ರಿಕೆಗಳಿಗೆ ಒಂದು ಪತ್ರ ಬರೆದರು. ದಕ್ಷಿಣದ ಎಲ್ಲ ಊರುಗಳ ಹೆಂಗಸರೂ ವರ್ಷಕ್ಕೊಂದು ದಿನ ಗೊತ್ತು ಮಾಡಿಕೊಂಡು ನಮ್ಮ ಸೈನಿಕರ ಗೋರಿಗಳಿಗೆ ಹೂವಿಡೋಣ ಎಂಬುದು ಅದರ ಸಾರ. ಏಪ್ರಿಲ್ 26 ಗೊತ್ತಾಯಿತು. ಪತ್ರ ಊರಿಂದೂರಿಗೆ ಹೋಯಿತು.

ಮಿಸಿಸಿಪ್ಪಿಯ ಕೊಲಂಬಸ್‌ನಲ್ಲಿ ಹೂವಿಟ್ಟದ್ದು ಒಂದು ದಿನ ಮುಂಚೆ, ಏಪ್ರಿಲ್ 25ರಂದು. ಯುದ್ಧದ ಕಾಲದಲ್ಲಿ ಆ ಊರು ಆಸ್ಪತ್ರೆಯಾಗಿತ್ತು. ಶೈಲೋ ಎಂಬಲ್ಲಿ ನಡೆದ ಕಾಳಗದ ಗಾಯಾಳುಗಳನ್ನು ಅಲ್ಲಿಗೆ ತಂದಿದ್ದರು. ಅವರ ಜೊತೆ ಸೆರೆ ಸಿಕ್ಕ ಉತ್ತರದ ಸೈನಿಕರೂ ಬಂದು, ಕೆಲವರು ಅಲ್ಲೇ ಸತ್ತಿದ್ದರು. ಫ್ರೆಂಡ್‌ಶಿಪ್ ಎಂಬ ಸ್ಮಶಾನದಲ್ಲಿ ದಕ್ಷಿಣದ ಸಾಲು ಸಾಲು ಗೋರಿಗಳು, ಒಂದು ಪಕ್ಕದಲ್ಲಿ ಉತ್ತರದ ಸುಮಾರು 40 ಗೋರಿಗಳು. ಹೆಂಗಸರು ತಮ್ಮವರ ಗೋರಿಗಳಿಗೆ ಹೂವಿಟ್ಟರು. ಆಮೇಲೆ ಆ 40 ಗೋರಿಗಳಿಗೂ ಇಟ್ಟರು.

ಹೆಂಗಸರು ಏನು ಮಾತಾಡಿಕೊಂಡರೋ! ಗಂಡನನ್ನೋ ಮಗನನ್ನೋ ಕಳೆದುಕೊಂಡ ಎಷ್ಟೋ ಮಂದಿ ಅಲ್ಲಿ ಇದ್ದಿರಬೇಕು. ಈ ನಲವತ್ತು ಜನರಿಗೂ ಎಲ್ಲೋ ದೂರದಲ್ಲಿ ಒಬ್ಬೊಬ್ಬ ತಾಯಿ ಇದ್ದಾಳು, ಅವಳು ಇಲ್ಲಿಗೆ ಬರಲಾರಳು ಎಂದು ಅವರಿಗೆ ತೋಚಿರಬಹುದು. ಸುದ್ದಿ ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಚಿಕ್ಕದಾಗಿ ಬಂತು. ಅದನ್ನು ಓದಿದ ಫ್ರಾನ್ಸಿಸ್ ಮೈಲ್ಸ್ ಫಿಂಚ್ ಎಂಬ ವಕೀಲರು ಒಂದು ಕವಿತೆ ಬರೆದರು. ಉತ್ತರದವರ ಸಮವಸ್ತ್ರ ನೀಲಿ, ದಕ್ಷಿಣದವರದು ಬೂದು. ಕವಿತೆಯ ಹೆಸರೂ ಅದೇ, 'ನೀಲಿ ಮತ್ತು ಬೂದು'. 1867ರಲ್ಲಿ ಅದು ಅಚ್ಚಾದ ಮೇಲೆ ಶಾಲೆಯ ಮಕ್ಕಳು ಬಾಯಿಪಾಠ ಮಾಡುವಷ್ಟು ಹೆಸರಾಯಿತು. ಅದೇ ವರ್ಷ ಆ 40 ಸೈನಿಕರನ್ನು ಸರ್ಕಾರ ಅಲ್ಲಿಂದ ತೆಗೆಸಿ ತನ್ನ ಸ್ಮಶಾನಕ್ಕೆ ಸಾಗಿಸಿತು.

ಎಲ್ಲ ಊರಲ್ಲೂ ಹೀಗೆ ಆಗಲಿಲ್ಲ. ರಾಜಧಾನಿ ವಾಷಿಂಗ್ಟನ್‌ನ ಪಕ್ಕದ ಆರ್ಲಿಂಗ್ಟನ್ ಸ್ಮಶಾನದಲ್ಲಿ ದಕ್ಷಿಣದ ಕೆಲವು ಸೈನಿಕರ ಗೋರಿಗಳೂ ಇದ್ದವು. ಹೂವು ಹಿಡಿದು ಬಂದ ಅವರ ಮನೆಯವರನ್ನು ಮೊದಲ ಕೆಲವು ವರ್ಷ ಗೇಟಿನಲ್ಲೇ ತಡೆದು ವಾಪಸ್ಸು ಕಳುಹಿಸಿದ್ದೂ ಉಂಟು.

ಇನ್ನೊಂದು ಕಡೆ, ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ, ಹಳೆಯ ಬ್ಲ್ಯಾಂಡ್‌ಫರ್ಡ್ ಚರ್ಚಿನ ಸುತ್ತ ಸುಮಾರು 30,000 ದಕ್ಷಿಣದ ಸೈನಿಕರನ್ನು ಮಣ್ಣು ಮಾಡಿದ್ದರು. 1868ರ ಮಾರ್ಚ್‌ನಲ್ಲಿ ಉತ್ತರದ ಸೇನಾಪತಿ ಜಾನ್ ಲೋಗನ್ ಅವರ ಹೆಂಡತಿ ಮೇರಿ ಲೋಗನ್ ಅದನ್ನು ನೋಡಲು ಹೋದರು. ಗೋರಿಗಳ ಮೇಲೆ ಬಾಡಿದ ಹೂವು, ಪುಟ್ಟ ಪುಟ್ಟ ಬಾವುಟಗಳಿದ್ದವು. ಅಲ್ಲಿನ ಹೆಂಗಸರು ಇಟ್ಟದ್ದು. ಮನೆಗೆ ಬಂದು ಗಂಡನಿಗೆ ಹೇಳಿದರು. ಗಂಡ ಆಗ ಉತ್ತರದ ಮಾಜಿ ಸೈನಿಕರ ದೊಡ್ಡ ಸಂಘದ ಮುಖ್ಯಸ್ಥ. ಮೇ 5ರಂದು ಆದೇಶ ಹೊರಟಿತು, ಮೇ 30ರಂದು ಎಲ್ಲ ಕಡೆ ನಮ್ಮ ಸೈನಿಕರ ಗೋರಿಗಳನ್ನು ಹೂವಿನಿಂದ ಅಲಂಕರಿಸಬೇಕು ಎಂದು. ಮೊದಲ ವರ್ಷವೇ ಆರ್ಲಿಂಗ್ಟನ್‌ನಲ್ಲಿ 5,000 ಜನ ಸೇರಿ 20,000 ಗೋರಿಗಳಿಗೆ ಹೂವಿಟ್ಟರು. ಯುದ್ಧದಲ್ಲಿ ತಂದೆ ಸತ್ತು ಅನಾಥಾಲಯ ಸೇರಿದ್ದ ಮಕ್ಕಳೂ ಅಲ್ಲಿದ್ದರು. ಅಮೆರಿಕದವರು ಇಂದಿಗೂ ಮೇ ತಿಂಗಳ ಕೊನೆಯ ಸೋಮವಾರ ಆಚರಿಸುವ ಸ್ಮಾರಕ ದಿನದ ಮೂಲ ಇದು. ಮೊದಲು ಶುರು ಮಾಡಿದ ಊರು ನಮ್ಮದೇ ಎಂದು ಜಗಳಾಡುವ ಊರುಗಳು ಹತ್ತಾರಿವೆ. 1966ರಲ್ಲಿ ಸರ್ಕಾರ ನ್ಯೂಯಾರ್ಕ್ ರಾಜ್ಯದ ವಾಟರ್‌ಲೂ ಎಂಬ ಊರಿಗೆ ಆ ಗೌರವ ಕೊಟ್ಟಿತು. ಜಗಳ ಮಾತ್ರ ನಿಂತಿಲ್ಲ.

ಹೂವು ಬಾಡಿತು, ಕಥೆ ಬೆಳೆಯಿತು

ಇಲ್ಲಿಯವರೆಗೆ ಓದಿದರೆ ಇದು ದುಃಖದ, ಆದರೂ ಚೆಂದದ ಕಥೆ. ಮುಂದಿನದು ಅಷ್ಟು ಚೆಂದವಿಲ್ಲ.

ಹೂವಿಡುವ ದಿನ ಭಾಷಣಗಳೂ ಇರುತ್ತಿದ್ದವು. ನಮ್ಮ ಹುಡುಗರು ಶೂರರು ಎಂದು ಮಾತು ಶುರುವಾಗುತ್ತಿತ್ತು. ಶೂರರು ಇದ್ದರು, ಅದು ಸುಳ್ಳಲ್ಲ. ಆದರೆ ವರ್ಷ ಕಳೆದ ಹಾಗೆ ಮಾತು ಮುಂದಕ್ಕೆ ಹೋಯಿತು. ಅವರು ಕಾದಾಡಿದ್ದು ಗುಲಾಮಗಿರಿಗಾಗಿ ಅಲ್ಲವೇ ಅಲ್ಲ, ತಮ್ಮ ರಾಜ್ಯದ ಹಕ್ಕಿಗಾಗಿ. ಗುಲಾಮರು ಒಡೆಯರ ಮನೆಯಲ್ಲಿ ಸುಖವಾಗಿಯೇ ಇದ್ದರು ಎಂಬಲ್ಲಿಗೆ ಬಂದು ನಿಂತಿತು. ಮಿಸಿಸಿಪ್ಪಿ ರಾಜ್ಯ 1861ರಲ್ಲಿ ದೇಶ ಬಿಟ್ಟು ಹೊರಡುವಾಗ ತಾನೇ ಕಾರಣ ಬರೆದಿಟ್ಟಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದೇ ನಮ್ಮ ಉದ್ದೇಶ ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದೆ. ಮೂವತ್ತು ನಲವತ್ತು ವರ್ಷಗಳಲ್ಲಿ ಆ ಕಾಗದ ಯಾರಿಗೂ ಬೇಡವಾಯಿತು.

1871ರಲ್ಲೇ ಒಬ್ಬರು ಇದನ್ನು ಕಂಡು ಎಚ್ಚರಿಸಿದ್ದರು. ಗುಲಾಮರಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ದೇಶದ ದೊಡ್ಡ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರು. ಆರ್ಲಿಂಗ್ಟನ್‌ನಲ್ಲಿ ಹೂವಿನ ದಿನ ಮಾತಾಡುತ್ತ, ಸತ್ತವರ ಮೇಲೆ ನನಗೆ ಹಗೆಯಿಲ್ಲ, ಆದರೆ ದೇಶವನ್ನು ಉಳಿಸಲು ಹೋರಾಡಿದವರಿಗೂ ಅದನ್ನು ಒಡೆಯಲು ಹೋರಾಡಿದವರಿಗೂ ಇರುವ ವ್ಯತ್ಯಾಸವನ್ನು ಮರೆಯಲಾರೆ ಎಂಬರ್ಥದ ಮಾತು ಹೇಳಿದರು.

1894ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಸೋತ ಪಕ್ಷದ ಹೆಣ್ಣುಮಕ್ಕಳ ಒಂದು ದೊಡ್ಡ ಸಂಘ ಹುಟ್ಟಿತು. ಹಳೆಯ ಮಹಿಳಾ ಸಂಘಗಳು ಮುಖ್ಯವಾಗಿ ಗೋರಿಗಳನ್ನು ನೋಡಿಕೊಂಡರೆ, ಈ ಹೊಸ ಸಂಘದ ಕಣ್ಣು ಶಾಲೆಗಳ ಮೇಲೆ ಬಿತ್ತು. ಊರ ನಡುವೆ ಪ್ರತಿಮೆಗಳನ್ನು ನಿಲ್ಲಿಸಿದರು. ಮಕ್ಕಳಿಗೆ ಪ್ರಶ್ನೋತ್ತರದ ಪುಸ್ತಕ ಮಾಡಿ ಉರು ಹೊಡೆಸಿದರು. ಸಂಘದ ಇತಿಹಾಸದ ಹೊಣೆ ಹೊತ್ತಿದ್ದ ಮಿಲ್ಡ್ರೆಡ್ ರದರ್‌ಫರ್ಡ್ ಎಂಬ ಶಾಲಾ ಮುಖ್ಯಸ್ಥೆ, ಪಠ್ಯಪುಸ್ತಕಗಳನ್ನು ಪರೀಕ್ಷಿಸಲು ಒಂದು 'ಅಳತೆಗೋಲು' ಬರೆದು ಅಚ್ಚು ಹಾಕಿಸಿದರು. ದಕ್ಷಿಣ ಕಾದಾಡಿದ್ದು ಗುಲಾಮಗಿರಿಗಾಗಿ ಎಂದು ಬರೆದಿದ್ದರೆ ಆ ಪುಸ್ತಕ ಬೇಡ. ಒಡೆಯರು ಕ್ರೂರಿಗಳು ಎಂದು ಬರೆದಿದ್ದರೆ ಬೇಡ. ಲೈಬ್ರರಿಯಲ್ಲಿ ಅಂಥ ಪುಸ್ತಕ ಇದ್ದರೆ, ಇದು ದಕ್ಷಿಣಕ್ಕೆ ಅನ್ಯಾಯ ಮಾಡುವ ಪುಸ್ತಕ ಎಂದು ಮುಖಪುಟದ ಒಳಗೆ ಬರೆಯಿರಿ ಎಂಬ ಸೂಚನೆ. ಅನೇಕ ರಾಜ್ಯಗಳ ಮಕ್ಕಳು ಎರಡು ಮೂರು ತಲೆಮಾರು ಈ ಅಳತೆಗೋಲು ದಾಟಿ ಬಂದ ಪಾಠವನ್ನೇ ಓದಿದರು. ಅಲ್ಲಿನ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿದ್ದೂ ಅದನ್ನೇ.

ಈ ಹೆಂಗಸರು ಕೆಟ್ಟವರೇ ಎಂದು ಮಕ್ಕಳು ಕೇಳಬಹುದು. ಅಪ್ಪ, ಅಣ್ಣ ಸತ್ತದ್ದು ಒಂದು ಅನ್ಯಾಯವನ್ನು ಉಳಿಸುವುದಕ್ಕೆ ಎಂದು ಒಪ್ಪಿಕೊಳ್ಳುವುದು ಯಾವ ಮಗಳಿಗೂ ಸುಲಭವಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ತನ್ನ ನೋವಿಗೆ ಹಿತವಾಗುವ ಕಥೆಯನ್ನು ಇನ್ನೊಬ್ಬರ ಮಕ್ಕಳ ಪಠ್ಯದಲ್ಲಿ ಬರೆಸುವುದು ಬೇರೆ ಮಾತು. ಏಕೆಂದರೆ ಅಂಥ ಕಥೆ ನಿಲ್ಲಬೇಕಾದರೆ ಬೇರೆ ಯಾರನ್ನಾದರೂ ಅಳಿಸಲೇಬೇಕು.

ಯಾರನ್ನು ಅಳಿಸಿದರು? ಚಾರ್ಲ್‌ಸ್ಟನ್‌ನ ಆ ಮೆರವಣಿಗೆ ನೆನಪಿದೆಯಲ್ಲ? ಸುಮಾರು 1916ರಲ್ಲಿ ಅದೇ ಹೆಣ್ಣುಮಕ್ಕಳ ಸಂಘದ ಪದಾಧಿಕಾರಿಯೊಬ್ಬರು ಚಾರ್ಲ್‌ಸ್ಟನ್‌ನ ಮಹಿಳಾ ಸ್ಮಾರಕ ಸಂಘಕ್ಕೆ ಪತ್ರ ಬರೆದು, ಹೀಗೊಂದು ಮೆರವಣಿಗೆ ನಡೆದಿತ್ತಂತೆ, ನಿಜವೇ ಎಂದು ಕೇಳಿದರು. ಅಧಿಕೃತವಾದ ಮಾಹಿತಿ ಏನೂ ಸಿಗಲಿಲ್ಲ ಎಂದು ಅಧ್ಯಕ್ಷೆ ಉತ್ತರ ಕೊಟ್ಟರು. ಹತ್ತು ಸಾವಿರ ಜನ ಸೇರಿದ್ದ ಮೆರವಣಿಗೆ! ಊರಿನ ಪತ್ರಿಕೆಯಲ್ಲೇ ವರದಿ ಬಂದಿತ್ತು. 257 ಗೋರಿಗಳನ್ನೂ ಅಷ್ಟರಲ್ಲಿ ಬೇರೆ ಊರಿನ ರಾಷ್ಟ್ರೀಯ ಸ್ಮಶಾನಕ್ಕೆ ಸಾಗಿಸಿಯಾಗಿತ್ತು. ರೇಸ್‌ಕೋರ್ಸ್ ಇದ್ದ ಜಾಗ ಉದ್ಯಾನವಾಯಿತು. ಅದಕ್ಕೆ ಇಟ್ಟದ್ದು ದಕ್ಷಿಣದ ಒಬ್ಬ ಸೇನಾಪತಿಯ ಹೆಸರು.

ಎಂಬತ್ತು ವರ್ಷಗಳ ಮೇಲೆ, 1996ರಲ್ಲಿ, ಡೇವಿಡ್ ಬ್ಲೈಟ್ ಎಂಬ ಇತಿಹಾಸಕಾರರು ಹಾರ್ವರ್ಡ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಹಳೆಯ ಸೈನಿಕರ ಕಾಗದಗಳನ್ನು ತಿರುವಿ ಹಾಕುತ್ತಿದ್ದಾಗ ಈ ಮೆರವಣಿಗೆಯ ವಿವರ ಕಣ್ಣಿಗೆ ಬಿತ್ತು. ಆಮೇಲೆ ಅವರು 1865ರ ಪತ್ರಿಕೆಗಳನ್ನು ತೆಗೆಸಿ ನೋಡಿದರು. ಮಕ್ಕಳು, ಗುಲಾಬಿ, ಹಾಡು ಎಲ್ಲವೂ ಅಲ್ಲಿ ಇತ್ತು.

ಕಾಗದ ಸುತ್ತಿದ ಪುಸ್ತಕ

ಇನ್ನೊಬ್ಬರ ಕಥೆ ಹೇಳದೆ ಈ ಲೇಖನ ಮುಗಿಸಲಾರೆ. 1848ರಲ್ಲಿ ಜಾರ್ಜಿಯಾದಲ್ಲಿ ಗುಲಾಮರ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಹೆಸರು ಸೂಸಿ. ಸವಾನಾ ಪಟ್ಟಣದಲ್ಲಿ ಅವಳನ್ನು ಬೆಳೆಸಿದವಳು ಅಜ್ಜಿ. ಮೊಮ್ಮಗಳು ಓದು ಕಲಿಯಬೇಕು ಎಂಬುದು ಅಜ್ಜಿಯ ಹಟ. ಆದರೆ ಕಾನೂನು ಬಿಡದು. ಸೂಸಿ ಮತ್ತು ಅವಳ ತಮ್ಮ ದಿನಾ ಬೆಳಗ್ಗೆ ಪುಸ್ತಕಗಳಿಗೆ ಕಾಗದ ಸುತ್ತಿ, ಪೊಲೀಸರಿಗಾಗಲಿ ಬಿಳಿಯರಿಗಾಗಲಿ ಕಾಣದ ಹಾಗೆ ಹಿಡಿದುಕೊಂಡು, ಒಬ್ಬ ಕಪ್ಪು ಹೆಂಗಸಿನ ಮನೆಗೆ ಕದ್ದು ಪಾಠಕ್ಕೆ ಹೋಗುತ್ತಿದ್ದರು.

ಯುದ್ಧದ ನಡುವೆ, 1862ರಲ್ಲಿ, ಸೂಸಿ ಚಿಕ್ಕಪ್ಪನ ಮನೆಯವರ ಜೊತೆ ಉತ್ತರದವರ ಹಿಡಿತದಲ್ಲಿದ್ದ ದ್ವೀಪಕ್ಕೆ ಓಡಿಹೋದಳು. ಓದು ಬರಹ ಬರುತ್ತದೆ ಎಂದು ಗೊತ್ತಾದ ಕೂಡಲೇ ಅಧಿಕಾರಿಗಳು ಅವಳನ್ನೇ ಟೀಚರ್ ಮಾಡಿದರು. ವಯಸ್ಸು ಬರೀ 14. ಕ್ಲಾಸಿನಲ್ಲಿ 40 ಮಕ್ಕಳು, ರಾತ್ರಿ ದೊಡ್ಡವರು. ಆಮೇಲೆ ಕಪ್ಪು ಸೈನಿಕರ ದಳವೊಂದರ ಜೊತೆ ಹೋಗಿ ಬಟ್ಟೆ ಒಗೆದಳು, ಗಾಯಾಳುಗಳ ಆರೈಕೆ ಮಾಡಿದಳು, ಸೈನಿಕರಿಗೆ ಅಕ್ಷರ ಕಲಿಸಿದಳು, ಬಂದೂಕು ಬಿಚ್ಚಿ ಒರೆಸುವುದನ್ನೂ ಕಲಿತಳು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು ಒಂದು ಡಾಲರ್ ಸಂಬಳ ಪಡೆಯಲಿಲ್ಲ.

ಚಾರ್ಲ್‌ಸ್ಟನ್ ಹತ್ತಿರದ ವ್ಯಾಗ್ನರ್ ಕೋಟೆಯ ಹೊರಗೆ ನಡೆದಾಡುವಾಗ ದಾರಿಯಲ್ಲೇ ತಲೆಬುರುಡೆಗಳು ಬಿದ್ದಿರುತ್ತಿದ್ದವಂತೆ. ಸೂಸಿ ಅವನ್ನು ಎತ್ತಿ ಪಕ್ಕಕ್ಕೆ ಇಡುತ್ತಿದ್ದಳು. ಇವು ನಮ್ಮ ಹುಡುಗರವೋ ಅವರವೋ ಎಂದು ಜೊತೆಗಾರರ ನಡುವೆ ವಾದ ನಡೆಯುತ್ತಿತ್ತು. ಹೇಳುವ ದಾರಿ ಇಲ್ಲದೆ ವಾದ ಅಲ್ಲಿಗೇ ನಿಲ್ಲುತ್ತಿತ್ತು.

ಯುದ್ಧದ ಮೇಲೆ ಗಂಡ ಬೇಗ ತೀರಿಕೊಂಡ. ಸೂಸಿ ಬಾಸ್ಟನ್ ನಗರ ಸೇರಿ ಮನೆಗೆಲಸ ಮಾಡಿದಳು. 1886ರಲ್ಲಿ ಅಲ್ಲಿ ಉತ್ತರದ ಸೈನಿಕರ ನೆರವಿಗಾಗಿ ಇದ್ದ ಮಹಿಳಾ ದಳದ ಒಂದು ಶಾಖೆ ಕಟ್ಟಲು ಮುಂದೆ ನಿಂತಳು. 67ನೆಯ ಶಾಖೆ ಅದು. ಅದರ ಕಾರ್ಯದರ್ಶಿ, ಖಜಾಂಚಿಯಾಗಿ, 1893ರಲ್ಲಿ ಅಧ್ಯಕ್ಷೆಯಾದಳು. ರಾಜ್ಯದಲ್ಲಿ ಬದುಕಿರುವ ಹಳೆಯ ಸೈನಿಕರ ಪಟ್ಟಿ ಮಾಡಬೇಕು ಎಂದು 1896ರಲ್ಲಿ ಆದೇಶ ಬಂದಾಗ ತನ್ನ ಬಡಾವಣೆಯ ಹೆಸರುಗಳನ್ನು ಕೂಡಿಸಲು ಕೈಜೋಡಿಸಿದಳು. ತಾನು ಕಂಡದ್ದನ್ನೆಲ್ಲ ಬರೆದು 1902ರಲ್ಲಿ ಪುಸ್ತಕ ಮಾಡಿದಳು. ಸವಾನಾದಲ್ಲಿ ಸೆರೆಯಲ್ಲಿದ್ದ ಉತ್ತರದ ಸೈನಿಕರಿಗೆ ಕಪ್ಪು ಹೆಂಗಸರು ರಾತ್ರಿ ಹೊತ್ತು ಬೇಲಿಯ ತೂತುಗಳಿಂದ ಊಟ ದಾಟಿಸಿದ್ದು, ಸಿಕ್ಕಿಬಿದ್ದು ಶಿಕ್ಷೆ ಉಂಡದ್ದು ಅದರಲ್ಲಿದೆ. ಇವರ ವಿಷಯ ಜನರಿಗೆ ಗೊತ್ತೇ ಇಲ್ಲವಲ್ಲ ಎಂಬ ಕೊರಗೂ ಇದೆ.

ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಬರುತ್ತದೆ. ಗುಲಾಮರ ಕಷ್ಟ ತೋರಿಸುವ 'ಅಂಕಲ್ ಟಾಮ್ಸ್ ಕ್ಯಾಬಿನ್' ನಾಟಕ ಆಡಬಾರದು, ಅದರಲ್ಲಿ ಇರುವುದೆಲ್ಲ ಅತಿಶಯೋಕ್ತಿ, ನೋಡಿದ ಮಕ್ಕಳು ಕೆಡುತ್ತಾರೆ ಎಂದು ಸೋತ ಪಕ್ಷದ ಹೆಣ್ಣುಮಕ್ಕಳ ಸಂಘ ಟೆನೆಸೀ ರಾಜ್ಯದ ನಾಟಕಶಾಲೆಗಳಿಗೆ ಮನವಿ ಕೊಟ್ಟಿತಂತೆ. ಸೂಸಿ ಅದನ್ನು ಓದಿ ಕೆರಳಿದಳು. ಗುಲಾಮರನ್ನು ಸಾಲಾಗಿ ನಿಲ್ಲಿಸಿ ಹರಾಜು ಹಾಕಿದ್ದನ್ನು ಅವಳು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದಳು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧ ಈ ಹೆಂಗಸರು ಎಂದಾದರೂ ಮನವಿ ಕೊಟ್ಟಿದ್ದಾರೆಯೇ ಎಂದು ನೇರವಾಗಿ ಕೇಳಿದಳು.

ಸೂಸಿ ಕಿಂಗ್ ಟೇಲರ್ 1912ರಲ್ಲಿ ತೀರಿಕೊಂಡಳು. ಬಾಸ್ಟನ್‌ನ ಮೌಂಟ್ ಹೋಪ್ ಸ್ಮಶಾನದಲ್ಲಿ ಎರಡನೆಯ ಗಂಡನ ಪಕ್ಕದಲ್ಲಿ ಮಣ್ಣು ಮಾಡಿದರು. ಗೋರಿಯ ಮೇಲೆ ಕಲ್ಲಿರಲಿಲ್ಲ, ಹೆಸರಿರಲಿಲ್ಲ. ಅವಳ ಹೆಸರು ಕೆತ್ತಿದ ಕಲ್ಲು ಅಲ್ಲಿ ನಿಂತದ್ದು 2021ರಲ್ಲಿ.